ಕಟ್ಟಬೇಡ ಎಂದವಳು ನಾನು

ಶಹಾಪುರದ ನಮ್ಮ ಸಂಸ್ಥೆಯ ಜೀಪು ಊರೊಳಗೆ ಹೊಕ್ಕರೆ ಸಾಕು, ಬಾಗಿಲುಗಳು ಮುಚ್ಚುತ್ತಿದ್ದವು. ಆಟಿಸಂ ಇರುವ ಮಕ್ಕಳನ್ನು ಹುಡುಕಿ, ತಾಯಿತಂದೆಗೆ ತಿಳಿಹೇಳುವುದು ನಮ್ಮ ಕೆಲಸ. ಜನರ ಕಣ್ಣಿಗೆ ಮಾತ್ರ ನಾವು ಹುಚ್ಚರ ಪಟ್ಟಿ ಬರೆಯಲು ಬಂದವರು. ಅಂಥ ಮಗು ಮನೆಯಲ್ಲಿದೆ ಎಂದು ಗೊತ್ತಾದರೆ ಅಕ್ಕತಂಗಿಯರಿಗೆ ವರ ಸಿಗಲಿಕ್ಕಿಲ್ಲ ಎಂಬ ಭಯ. ನನಗೆ ಸಿಟ್ಟು ಬರುತ್ತಿತ್ತು. ಇಪ್ಪತ್ತಾರರ ವಯಸ್ಸು, ಆಗಷ್ಟೇ ತರಬೇತಿ ಮುಗಿಸಿದ್ದೆ. ಲೋಕಕ್ಕೆಲ್ಲ ನಾನೇ ಬುದ್ಧಿ ಹೇಳಬೇಕು ಎಂಬ ಹುರುಪು.

ಸುರಪುರದ ದಾರಿಯ ಒಂದು ಊರಿನಲ್ಲಿ ಒಬ್ಬ ತಾಯಿ ಮಾತ್ರ ಬಾಗಿಲು ತೆರೆದಳು. ಕೂಲಿ ಹೆಂಗಸು, ಗಂಡ ತೀರಿಕೊಂಡಿದ್ದ. ಒಳಗೆ ಏಳು ವರ್ಷದ ಮಗಳು. ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ತಂಬಿಗೆಯಿಂದ ನೀರು ಸುರಿದು ಸುರಿದು ನೋಡುತ್ತ ಕೂತಿದ್ದಳು. ಸೊಂಟಕ್ಕೆ ಹಳೆ ಸೀರೆಯ ಹರಕು, ಅದರ ಇನ್ನೊಂದು ತುದಿ ಹೊರಸು ಮಂಚದ ಕಾಲಿಗೆ.

"ಕೂಸಿಗೆ ಹಿಂಗ ಕಟ್ಟತಾರೇನವ್ವಾ? ದನಾ ಏನಿದು?" ಎಂದು ಹರಿಹಾಯ್ದೆ.

"ನಾ ಕೆಲಸಕ್ಕ ಹೋದಾಗಷ್ಟ ಕಟ್ಟತೀನ್ರಿ ಅಕ್ಕಾರ, ಈಗ ಹೊಂಟಿದ್ದೆ. ನೀರು ಕಂಡ್ರ ನಿಲ್ಲಂಗಿಲ್ರಿ ಇಕಿ. ಮನಿ ಹಿಂದ ಕಾಲುವಿ ಐತಿ."

ಹಿತ್ತಲಿಗೆ ಹೋಗಿ ನೋಡಿದೆ. ಬೇಸಿಗೆ, ಕಾಲುವೆ ಬಂದ್ ಆಗಿತ್ತು. ಒಣಗಿದ ತಳದಲ್ಲಿ ಆಡುಗಳು ಓಡಾಡುತ್ತಿದ್ದವು. "ಎಲ್ಲೈತಿ ನೀರು?" ಎಂದು ನಕ್ಕೆ. ನನ್ನ ನಾಲಿಗೆ ಸೇದಿಹೋಗಲಿ! ನಾನೇನು ಪರವೂರಿನವಳಲ್ಲ. ನನ್ನಪ್ಪ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿದ್ದವನು, ಕಾಲುವೆಯ ಗೇಟು ಎತ್ತಿ ಇಳಿಸುತ್ತಲೇ ನಮ್ಮನ್ನು ಸಾಕಿದವನು. ಮಳೆಗಾಲಕ್ಕೆ ನೀರು ಬಿಡುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೆ ತರಬೇತಿಯ ಪುಸ್ತಕದಲ್ಲಿ ಮಕ್ಕಳನ್ನು ಕಟ್ಟಬಾರದು ಎಂದಿತ್ತು. ಕೈಯಾರೆ ಗಂಟು ಬಿಚ್ಚಿದೆ. ಮತ್ತೆ ಕಟ್ಟುವುದಿಲ್ಲವೆಂದು ಮಗಳ ತಲೆ ಮುಟ್ಟಿಸಿ ತಾಯಿಯಿಂದ ಆಣೆ ಮಾಡಿಸಿಕೊಂಡೆ. ಆಕೆ ಕೂಲಿಗೆ ಹೋದರೆ ಮಗುವನ್ನು ಯಾರು ನೋಡಬೇಕು? ಅದನ್ನು ನಾನು ಕೇಳಲೇ ಇಲ್ಲ.

ನೀರು ಬಿಟ್ಟ ಮೂರನೆಯ ದಿನ ಹುಡುಗಿಯ ಹೆಣ ಕಾಲುವೆಯಲ್ಲಿ ಸಿಕ್ಕಿತು.

ನಾವು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಓಣಿಯ ಮಂದಿ ಆಗಲೇ ತೀರ್ಪು ಕೊಟ್ಟಿದ್ದರು: ಹೊರೆ ಇಳಿಸಿಕೊಳ್ಳಲು ತಾಯಿಯೇ ಬೇಕೆಂತಲೇ ಬಿಟ್ಟಳು, ಇಲ್ಲದಿದ್ದರೆ ಇಷ್ಟು ವರ್ಷ ಕಟ್ಟಿದವಳು ಈಗೇಕೆ ಬಿಚ್ಚಿದಳು? ಆಕೆ ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವು ಹೇಳ್ರಿ ಅಕ್ಕಾರ ಇವರಿಗೆ. ನಾ ಬೇಕಂತ ಬಿಟ್ಟಿಲ್ರಿ. ನೀವು ಆಣಿ ಹಾಕಿಸಿದ್ರಿ ಅಂತ ಹೇಳ್ರಿ."

ಜೊತೆಗೆ ಬಂದಿದ್ದ ನಮ್ಮ ಸಂಸ್ಥೆಯ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. "ಈಗ ಬಾಯಿ ಬಿಡಬ್ಯಾಡ ತಂಗಿ. ಸಂಸ್ಥಾದವ್ರು ಕೂಸು ಕೊಂದ್ರು ಅಂತಾರ. ನಾಳಿ ಒಂದು ಮನಿನೂ ಬಾಗಿಲಾ ತೆರಿಯಂಗಿಲ್ಲ. ಉಳಿದ ಮಕ್ಕಳ ಗತಿ ಏನು?" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಅವರ ಮಾತು ಸುಳ್ಳೂ ಅಲ್ಲ. "ಆಮ್ಯಾಲ ಬಂದು ಹೇಳ್ತೀನವ್ವಾ" ಎಂದು ಆಕೆಗೆ ಹೇಳಿ ಜೀಪು ಹತ್ತಿದೆ. ಅಂಜಿದ್ದೆ, ಅಷ್ಟೇ. ಉಳಿದ ಮಕ್ಕಳು ನನಗೊಂದು ನೆವ.

ಮತ್ತೆ ಅಲ್ಲಿಗೆ ಹೋಗಲು ನನಗೆ ಎಂಟು ತಿಂಗಳು ಬೇಕಾಯಿತು. ಸಂಸ್ಥೆಯ ಕೆಲಸ ಬಿಟ್ಟು ಒಬ್ಬಳೇ ಹೋದೆ. ಊರ ಕಟ್ಟೆಯ ಮೇಲೆ ಕೂತವರೆದುರು, ಬಿಚ್ಚಿದವಳು ನಾನು, ಆಣೆ ಹಾಕಿಸಿದವಳೂ ನಾನು ಎಂದು ಅಳುತ್ತ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಲ್ಲಿಂದ ಆಕೆಯ ಮನೆಗೆ ಹೋದರೆ ಬೀಗ ಬಿದ್ದಿತ್ತು.

ಪಕ್ಕದ ಮನೆಯ ಮುದುಕಿ ಹೊರಗೆ ಬಂದು ನನ್ನನ್ನು ಗುರುತಿಸಿದಳು.

"ಆಕಿನ್ನ ಕೂಲಿಗೂ ಯಾರೂ ಕರೀಲಿಲ್ಲವ್ವಾ. ಹೋದ ತಿಂಗಳ ಊರು ಬಿಟ್ಟು ಹೋದ್ಳು. ಎಲ್ಲಿಗಿ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲೀತನ ದಿನಾ ಮುಂಜಾನಿ ಶಹಾಪುರ ಬಸ್ ಬರೂ ಹೊತ್ತಿಗಿ ರಸ್ತಾಕ ಹೋಗಿ ನಿಂದರ್ತಿದ್ಳು. ಅಕ್ಕಾರು ಬಂದು ಹೇಳ್ತೀನಿ ಅಂದಾರ, ಅಂತಿದ್ಳು."