ಚಂದ್ರನ ಪಕ್ಕದ ತಾವರೆ

ಮಗಳು ಹೊಸ್ತಿಲಿಗೆ ರಂಗೋಲಿ ಸ್ಟಿಕ್ಕರ್ ತಂದು ಅಂಟಿಸಿದ್ದಾಳೆ. ನೋಡಿದರೆ, ಚಂದ್ರನ ಪಕ್ಕದಲ್ಲಿ ಅರಳಿದ ತಾವರೆ!

ಕಟಪಾಡಿಯ ಮನೆಯಲ್ಲಿ, ತುಳಸಿಕಟ್ಟೆಯ ಎದುರು ನಾನೂ ಒಮ್ಮೆ ಹೀಗೆಯೇ ಬರೆದಿದ್ದೆ. ಶಾಲೆಯ ಬಸ್ಸಿಗೆ ಹೊತ್ತಾಗಿತ್ತು. ಅಜ್ಜಿ ಬಂದವರೇ ಒದ್ದೆ ಅಂಗೈಯಿಂದ ತಾವರೆಯನ್ನು ಒರೆಸಿಬಿಟ್ಟರು.

"ಚಂದ್ರ ಬಂದ ಮೇಲೆ ತಾವರೆ ಅರಳ್ತದಾ ಮಾರಾಯ್ತಿ? ಅದು ಸೂರ್ಯನ ಬದಿಗೆ. ಇಲ್ಲಿ ನೈದಿಲೆ ಬರೆ."

"ಬರೀ ರಂಗೋಲಿ ಹುಡಿ ಅಲ್ವಾ ಅಜ್ಜಿ! ಮಧ್ಯಾಹ್ನಕ್ಕೆ ದನ ತುಳೀತದೆ."

"ತುಳಿಯಲಿ. ಸರಿ ಬರೆದದ್ದನ್ನು ತುಳಿಯಲಿ."

ಹಲ್ಲು ಕಚ್ಚಿಕೊಂಡು ನೈದಿಲೆ ಬರೆದೆ. ಬಸ್ಸು ತಪ್ಪಿತು. ಅಜ್ಜಿಗೆ ಅದರ ಚಿಂತೆಯೇ ಇಲ್ಲ. "ದಳ ದಪ್ಪ ಆಯ್ತು" ಎಂದರು. ಅಳು ಬರುವಷ್ಟು ಸಿಟ್ಟು ಬಂದಿತ್ತು.

ಈಗ ಮಗಳು, "ಬರೀ ಸ್ಟಿಕ್ಕರ್ ಅಲ್ವಾ ಅಮ್ಮ, ಯಾರು ನೋಡ್ತಾರೆ?" ಎನ್ನುತ್ತಾಳೆ.

ನನ್ನ ಉಗುರು ಆಗಲೇ ತಾವರೆಯ ಅಂಚನ್ನು ಎಬ್ಬಿಸುತ್ತಿದೆ.