ಚಾಚಿದ ಕೈ

ಗಂಡ ಹೆಂಡತಿ ಕೈ ಹಿಡಿದು ಬೀದಿಯಲ್ಲಿ ನಡೆದರೇ ತಿರುಗಿ ನೋಡುವ ಊರು ಜಗಳೂರು. ಇಲ್ಲಿ ಇಬ್ಬರು ಕೈ ಹಿಡಿದು ಕುಣಿಯುವ ಕುಣಿತದ ಹುಚ್ಚು ಹತ್ತಿಸಿಕೊಂಡವಳು ಬಹುಶಃ ನಾನೊಬ್ಬಳೇ. ಅಮೆರಿಕದಿಂದ ಬಂದ ಆ ಕುಣಿತದ ಹೆಸರು ಸ್ವಿಂಗ್. ನಾನು ಹುಟ್ಟಿ ಬೆಳೆದದ್ದು ಚನ್ನಗಿರಿಯಲ್ಲಿ. ಕೋಲಾಟ ಮತ್ತು ಮದುವೆ ಮೆರವಣಿಗೆಯ ಕುಣಿತ ಬಿಟ್ಟರೆ ಬೇರೇನೂ ಕಂಡವಳಲ್ಲ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಸ್ವಿಂಗ್ ಕಲಿಸುವ ಕಡೆಗೆ ಎಳೆದುಕೊಂಡು ಹೋದಳು. ಅವಳು ವಾರದೊಳಗೆ ಬಿಟ್ಟಳು, ನನ್ನಿಂದ ಬಿಡಲಾಗಲಿಲ್ಲ.

ನೋಡುವವರಿಗೆ ಕಾಲು ಕಾಣುತ್ತದೆ, ಆದರೆ ಆ ಕುಣಿತದ ಜೀವವೆಲ್ಲ ಕೈಯಲ್ಲಿದೆ. ಇಬ್ಬರೂ ಕೈ ಹಿಡಿದು ಹಿಂದಕ್ಕೆ ವಾಲಬೇಕು, ಒಬ್ಬರ ಭಾರವನ್ನು ಇನ್ನೊಬ್ಬರು ತಡೆಯಬೇಕು. ಎತ್ತ ತಿರುಗಬೇಕು, ಯಾವಾಗ ಬರಬೇಕು ಎಂಬುದನ್ನು ಒಬ್ಬರು ಕೈಯ ಎಳೆತದಲ್ಲೇ ಹೇಳುತ್ತಾರೆ, ಇನ್ನೊಬ್ಬರು ಕೇಳುತ್ತಾರೆ. ನಾನು ಕೇಳುವವಳು. ಮನೆಯಲ್ಲೂ ಶಾಲೆಯಲ್ಲೂ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವವಳಿಗೆ ಅಷ್ಟು ಹೊತ್ತು ಯಾರೋ ಹೇಳಲಿ, ನಾನು ಸುಮ್ಮನೆ ಕೇಳುತ್ತೇನೆ ಅನ್ನಿಸುತ್ತಿತ್ತು.

ಮದುವೆಯಾಗಿ ಜಗಳೂರಿಗೆ ಬಂದೆ. ಸೊಕ್ಕೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ. ಬೆಳಿಗ್ಗೆ ಮಗಳ ಜಡೆ, ಅತ್ತೆಯ ಬಿ.ಪಿ. ಮಾತ್ರೆ, ಎಲ್ಲರ ಡಬ್ಬಿ, ಆಮೇಲೆ ಬಸ್ಸು. ಸಂಜೆ ಬಂದರೆ ರುಬ್ಬುವುದು, ತಿದ್ದುವುದು. ನನ್ನ ಗಂಡನದು ಬೀಜ ಗೊಬ್ಬರದ ಅಂಗಡಿ, ಒಳ್ಳೆಯ ಮನುಷ್ಯ. ಒಮ್ಮೆ ಜೊತೆಗೆ ಕುಣಿಯಲು ಒಪ್ಪಿ, ಗೊಬ್ಬರದ ಚೀಲದ ಹಾಗೆ ನನ್ನನ್ನು ಎತ್ತಿ ಪಕ್ಕಕ್ಕಿಟ್ಟರು. "ನನ್ನ ಕೈಲಿ ಆಗಾದಿಲ್ಲ ಕಣೇ. ನೀನು ಕುಣಿ, ನಾನು ನೋಡ್ಕೊಂತ ಇರ್ತೀನಿ" ಎಂದರು. ನೋಡುತ್ತ ನೋಡುತ್ತ ಗೊರಕೆ ಹೊಡೆದರು.

ಹಾಗಾಗಿ ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಮಹಡಿಯ ಕೋಣೆಗೆ ಹತ್ತುತ್ತಿದ್ದೆ. ಕಟ್ಟುವ ಕೆಲಸ ಅರ್ಧಕ್ಕೆ ನಿಂತ ಕೋಣೆ ಅದು. ಗೋಡೆಗೆ ಗಾರೆಯಿಲ್ಲ, ಕಿಟಕಿಗೆಂದು ಬಿಟ್ಟ ಜಾಗ ಮೊಣಕಾಲಿನ ಎತ್ತರದಿಂದಲೇ ತೆರೆದುಕೊಂಡಿತ್ತು, ಚೌಕಟ್ಟಿಲ್ಲ, ಸರಳಿಲ್ಲ. ಮೊಬೈಲಿನಲ್ಲಿ ಸಣ್ಣಗೆ ಹಾಡು ಹಾಕಿ ಬಲಗೈ ಚಾಚುತ್ತಿದ್ದೆ. ಒಬ್ಬಳೇ ಅಭ್ಯಾಸ ಮಾಡುವಾಗ ಎದುರಿಗೆ ಒಬ್ಬರಿದ್ದಾರೆ ಎಂದೇ ತಿಳಿದು ಕೈ ಕೊಡಬೇಕು, ಮುಖ ನೋಡಿ ನಗಬೇಕು ಎಂದು ಕಲಿಸಿದವರು ಹೇಳಿದ್ದರು. ನಾನು ಹಾಗೆಯೇ ಮಾಡುತ್ತಿದ್ದೆ. ವಾರವೆಲ್ಲ ಊರಿಗೆ ಹಂಚಿ ಉಳಿದ ನಾನು ಆ ಕೋಣೆಯಲ್ಲಿ ನನಗೆ ಸಿಗುತ್ತಿದ್ದೆ.

ಎದುರು ಮನೆಯವರು ತಾರಸಿಯಲ್ಲಿ ಸಂಡಿಗೆ ಕಾಯುತ್ತ ಕೂತವರು ಒಂದು ದಿನ ನೋಡಿಬಿಟ್ಟರು. ಮಟಮಟ ಮಧ್ಯಾಹ್ನ, ಖಾಲಿ ಕೋಣೆ, ತುರುಬು ಬಿಚ್ಚಿಹೋದ ಟೀಚರಮ್ಮ ಯಾರಿಗೋ ಕೈ ಕೊಟ್ಟು, ಯಾರನ್ನೋ ನೋಡಿ ನಕ್ಕು, ಗಿರ್ರನೆ ತಿರುಗುತ್ತಿದ್ದಾಳೆ. ಅವರ ಜಾಗದಲ್ಲಿ ನಾನಿದ್ದರೂ ಸಂಡಿಗೆ ಕಾಗೆಗೆ ಬಿಟ್ಟು ಓಡುತ್ತಿದ್ದೆ. ನಮ್ಮ ಕಡೆ ಕುಣಿತವೆಂದರೆ ಹತ್ತು ಜನರ ನಡುವಿನದು. ಒಬ್ಬರೇ ಕುಣಿದರೆ ಅದು ಮೈಮೇಲೆ ಬಂದದ್ದು. ಆಗ ಯಾವ ಕುಣಿತ ಅದು ಎಂದು ಯಾರೂ ಕೇಳುವುದಿಲ್ಲ. ಯಾರು ಬಂದಿದ್ದಾರೆ ಎಂದು ಕೇಳುತ್ತಾರೆ.

ಅತ್ತೆಯೂ ಅದನ್ನೇ ಕೇಳಿದರು. "ಹೌದೇನವ್ವ, ನಿನ್ನ ಕೈ ಹಿಡ್ಕೊಳ್ಳಾರು ಯಾರು?"

"ಯಾರೂ ಇಲ್ಲ ಅತ್ತೆ. ಇದ್ದಾರೆ ಅಂತ ಅಂದ್ಕೋಬೇಕು ಅಷ್ಟೇ."

"ಅಂದ್ಕಂಡ್ರೆ ಬರ್ತಾರಲ್ಲವ್ವ. ದೇವ್ರೂ ಹಂಗೇ ಅಲ್ವ ಬರಾದು?"

ನನಗೆ ಸಿಟ್ಟು ಬಂತು, ಪಾತ್ರೆಗಳನ್ನು ಕುಕ್ಕಿದೆ. ಮುಂದಿನ ಭಾನುವಾರ ಹಟಕ್ಕೆ ಬಿದ್ದು ಬೇಗನೇ ಮಹಡಿ ಹತ್ತಿದೆ.

ಅಂದು ಕೈ ಚಾಚಿ ಹಿಂದಕ್ಕೆ ವಾಲಿದೆ. ಒಬ್ಬಳೇ ಇರುವಾಗ ಒಂದು ಹಂತ ದಾಟಿದರೆ ಬೀಳಲೇಬೇಕು, ಅದು ಎಲ್ಲಿದೆ ಎಂದು ನನ್ನ ಹಿಮ್ಮಡಿಗೆ ಗೊತ್ತು. ದಾಟಿದೆ. ಬೀಳಲಿಲ್ಲ. ಹಾಡು ಮುಗಿದರೂ ಹಾಗೆಯೇ ವಾಲಿ ನಿಂತಿದ್ದೆ. ಗುರುತ್ವ ಕೇಂದ್ರದ ಪಾಠವನ್ನು ವರ್ಷ ವರ್ಷ ಮಾಡುವವಳು ನಾನು, ಏನೋ ಲೆಕ್ಕ ತಪ್ಪಿರಬೇಕು ಎಂದುಕೊಳ್ಳುವಷ್ಟರಲ್ಲಿ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು: "ಅಮ್ಮ, ಅವರು ಯಾಕೆ ನಿನ್ನ ಬಿಡವಲ್ರು?"

ಅಜ್ಜಿಯ ಮಾತು ಕೇಳಿಸಿಕೊಂಡಿದ್ದಾಳೆ, ಅದಕ್ಕೇ ಹೀಗೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಅಂದಿನಿಂದ ಅವಳು ನನ್ನ ಕೈ ಹಿಡಿಯುವುದನ್ನು ನಿಲ್ಲಿಸಿದಳು. ರಸ್ತೆ ದಾಟುವಾಗ ನನ್ನ ವ್ಯಾನಿಟಿ ಬ್ಯಾಗಿನ ಪಟ್ಟಿ ಹಿಡಿದಳು. ತಲೆ ಬಾಚಲು ಕೂರಿಸಿಕೊಂಡರೆ ನನ್ನ ಬಲಗೈ ತಾಗದಂತೆ ಕುತ್ತಿಗೆ ಎಳೆದುಕೊಂಡಳು. ಎರಡನೇ ಕ್ಲಾಸಿನ ಮಗು ತಾಯಿಯ ಕೈಗೆ ಹೆದರುವುದನ್ನು ನೋಡುತ್ತ ಬದುಕಲು ನನ್ನಿಂದ ಆಗಲಿಲ್ಲ. ಅತ್ತೆ ಹೇಳಿದ ಕಡೆ ಹೋಗಲು ಒಪ್ಪಿದೆ.

ಹೊನ್ನಾಳಿ ದಾಟಿ, ನ್ಯಾಮತಿಯಾಚೆಗೆ ಒಂದು ಹಳ್ಳಿ. ಮೈಮೇಲೆ ಬಂದದ್ದು ಏನೆಂದು ನೋಡಿ ಹೇಳಿಕೆ ಹೇಳುವ ಮುದುಕಿ ಟಿ.ವಿ. ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬೇವಿನಸೊಪ್ಪು, ಅಬ್ಬರ ಏನೂ ಇರಲಿಲ್ಲ. "ಕೈ ಕೊಡ್ರಿ" ಎಂದರು. ಕೊಟ್ಟೆ. ಅವರು ಹಗುರವಾಗಿ ಹಿಡಿದು, ಸ್ವಲ್ಪ ಎಳೆದು, ಕಾದರು. ಚೆನ್ನಾಗಿ ಕುಣಿಯುವವರು ಶುರುವಿಗೆ ಮುಂಚೆ "ಸಿದ್ಧವೇ?" ಎಂದು ಕೇಳುವುದು ಹೀಗೆಯೇ. ನಾನು ಹೇಳದೆಯೇ ನನ್ನ ಕಾಲು ಹಿಂದಕ್ಕೆ ಸರಿಯಿತು. ಮುದುಕಿ ಕೈ ಬಿಟ್ಟು ಮತ್ತೆ ಅವರೆಕಾಯಿ ಎತ್ತಿಕೊಂಡರು.

"ಕೆಟ್ಟದ್ದಲ್ಲ ಬಿಡ್ರಿ. ನೀವು ಕರೆದ್ರಿ, ಬಂದೈತೆ. ಕರೆಯಾದು ಬಿಡ್ರಿ."

ಬಿಟ್ಟೆ. ಮಹಡಿಯ ಕೋಣೆಯಲ್ಲಿ ಮೆಕ್ಕೆಜೋಳದ ಚೀಲ ಒಟ್ಟಿಸಿದೆ. ಭಾನುವಾರ ಎಲ್ಲರ ಜೊತೆ ನಾನೂ ಮಲಗಿದೆ. ಮಗಳು ಮೊದಲು ನನ್ನ ಕಿರುಬೆರಳು ಹಿಡಿದಳು, ಕೆಲವು ದಿನಗಳ ಮೇಲೆ ಇಡೀ ಕೈ ಹಿಡಿದಳು. ಅವತ್ತು ಬಸ್ ಸ್ಟ್ಯಾಂಡಿನಲ್ಲೇ ಕಣ್ಣು ತುಂಬಿ ಬಂತು. ಆದರೂ ಸುಖವಾಗಿದ್ದೆ ಎಂದು ಹೇಳಲಾರೆ. ಸುಮ್ಮಸುಮ್ಮನೆ ಶಾಲೆಯ ಮಕ್ಕಳ ಮೇಲೆ ರೇಗುತ್ತಿದ್ದೆ, ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದೆ. ಮಧ್ಯಾಹ್ನ ಮಲಗಿದಾಗ ಬಲಗೈ ತಾನಾಗಿ ಹಾಸಿಗೆಯಿಂದ ಹೊರಗೆ ಚಾಚಿಕೊಳ್ಳುತ್ತಿತ್ತು. ಎಚ್ಚರವಾದ ಕೂಡಲೇ ಒಳಗೆ ಎಳೆದುಕೊಳ್ಳುತ್ತಿದ್ದೆ.

ಬೇಸಿಗೆಗೆ ಮೊದಲು ಜೋಳ ಮಾರಿದೆವು, ಕೋಣೆ ಖಾಲಿಯಾಯಿತು. ಅದಾದ ಮೇಲಿನ ಒಂದು ಭಾನುವಾರ ಮಧ್ಯಾಹ್ನ ಎದ್ದು ನೋಡಿದರೆ ಪಕ್ಕದಲ್ಲಿ ಮಗಳಿರಲಿಲ್ಲ. ಮಹಡಿಯ ನೆಲದ ಮೇಲೆ ಕಾಲು ಜಾರಿಸುವ ಸದ್ದು ಕೇಳುತ್ತಿತ್ತು. ಕುಣಿಯುವವರ ಕಾಲಿನ ಸದ್ದು ಅದು, ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಮೆಟ್ಟಿಲು ಹತ್ತಿದಾಗ ಅವಳು ಕಿಟಕಿಯ ಜಾಗಕ್ಕೆ ಬೆನ್ನು ಮಾಡಿ ನಿಂತಿದ್ದಳು. ಬಲಗೈ ಚಾಚಿದ್ದಳು. ಬೆನ್ನು, ಜಡೆ, ತಲೆ ಎಲ್ಲ ಆ ತೆರಪಿನಿಂದ ಹೊರಗೆ ವಾಲಿದ್ದವು, ಕೆಳಗೆ ಬೀದಿಯ ಕಲ್ಲುಚಪ್ಪಡಿ ಬಿಸಿಲಿಗೆ ಕಾದಿತ್ತು. ಅಷ್ಟು ವಾಲಿದ ಮಗು ನಿಲ್ಲುವುದು ಸಾಧ್ಯವಿಲ್ಲ. ನಿಂತಿದ್ದಳು. ಅವಳ ಬೆರಳುಗಳು ಏನನ್ನೋ ಹಿಡಿದ ಹಾಗೆ ಮಡಚಿಕೊಂಡಿದ್ದವು.

"ಅಮ್ಮ, ನೀನು ಬರಲ್ಲ ಅಂದ್ಯಂತೆ" ಎಂದಳು, ನಗುತ್ತಲೇ. "ಅದಕ್ಕೆ ನನ್ನ ಕರೆದ್ರು."

ನನ್ನ ಹಿಂದೆಯೇ ಹತ್ತಿ ಬಂದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಓಡಿ ಹೋಗಿ ಹಿಡಿಯಬೇಕಿತ್ತು. ನಾನು ಓಡಲಿಲ್ಲ. ನಾನು ಮುಟ್ಟುವ ಮುಂಚೆ ಹಿಡಿದಿರುವವರು ಬಿಟ್ಟುಬಿಟ್ಟರೆ ಎಂಬ ಭಯ. ಬೆವೆತ ಕೈಯನ್ನು ಸೀರೆಗೆ ಒರೆಸಿಕೊಂಡು, ಮೆಲ್ಲಗೆ ನಡೆದು ಹೋಗಿ, ಮಗಳ ಎದುರಿನ ಖಾಲಿ ಜಾಗಕ್ಕೆ ಚಾಚಿದೆ.

"ಅವಳನ್ನ ಈಚೆಗೆ ಕಳಿಸ್ರಿ" ಎಂದೆ. "ನಾನು ಬಂದೀನಿ."

ಮಗಳು ನೆಟ್ಟಗಾದಳು. ಕೈ ಇಳಿಸಿ, ನನ್ನ ಪಕ್ಕದಿಂದ ನಡೆದು ಬಂದು ಅಜ್ಜಿಯ ಸೊಂಟಕ್ಕೆ ಮುಖ ಒತ್ತಿ ನಿಂತಳು. ಅತ್ತೆ ಅವಳನ್ನು ಬಾಚಿಕೊಂಡು ಕೆಳಗಿಳಿದರು. ನಾನು ಇಳಿದು ಬರುವಾಗ ಬಿಸಿಲು ಇಳಿದಿತ್ತು.

ಕಿಟಕಿಗೆ ಈಗ ಸರಳು ಹಾಕಿಸಿದ್ದೇವೆ. ಮಗಳು ಎಲ್ಲ ಮರೆತಂತೆ ಆಡಿಕೊಂಡಿದ್ದಾಳೆ, ನನ್ನ ಕೈ ಹಿಡಿದೇ ಶಾಲೆಗೆ ಬರುತ್ತಾಳೆ. ಭಾನುವಾರ ಊಟವಾದ ಮೇಲೆ ನಾನು ಬೇಕೆಂದೇ ನಿಧಾನವಾಗಿ ಪಾತ್ರೆ ತೊಳೆಯುತ್ತ ನಿಂತರೆ, ಅತ್ತೆ ಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಾರೆ.

"ಹೊತ್ತಾತು, ಹೋಗವ್ವ" ಎನ್ನುತ್ತಾರೆ. "ಕಾಯಿಸಬ್ಯಾಡ."