ಹಂಪಮ್ಮ ನಾದುವ ರಾಮೆನ್

ಹಿಂದೂಪುರದ ಪೆನುಕೊಂಡ ರಸ್ತೆಯಲ್ಲಿ ಇನ್ನೂ ನಸುಗತ್ತಲು. ಹುಣಸೆಹಣ್ಣಿನ ಮಂಡಿಗಳು ಬಾಗಿಲು ತೆಗೆದಿಲ್ಲ. ಹೊಸದಾಗಿ ಶುರುವಾದ ಜಪಾನಿ ಹೋಟೆಲಿನ ಹಿಂಬದಿಯ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹಂಪಮ್ಮ, ಮೈದಾ ಹಿಟ್ಟಿಗೆ ಕ್ಷಾರದ ನೀರು ಚಿಮುಕಿಸಿ, ಮೈಭಾರವನ್ನೆಲ್ಲ ಅಂಗೈಗೆ ಬಿಟ್ಟು ನಾದುತ್ತಿದ್ದಾರೆ. ಮಧ್ಯಾಹ್ನ ಕಾರು ಕಾರ್ಖಾನೆಯವರು, ಕಾಲೇಜು ಹುಡುಗಿಯರು ಗುಂಪುಗೂಡಿ ಬಂದು ಬಟ್ಟಲಿಗೆ ಬಾಯಿಟ್ಟು ಹೀರುವ ರಾಮೆನ್, ಅಂದರೆ ಸಾರಿನಲ್ಲಿ ತೇಲುವ ಉದ್ದನೆಯ ಶಾವಿಗೆ, ಹುಟ್ಟುವುದು ಈ ಕೈಗಳಲ್ಲಿ. ದಿನಕ್ಕೆ ಎಂಬತ್ತು ಬಟ್ಟಲಿಗೆ ಸಾಲುವಷ್ಟು.

"ಚಪಾತಿ ಹಿಟ್ನಂಗೆ ಹೇಳ್ದಂಗೆ ಕೇಳಲ್ಲ ಕಣಪ್ಪ ಇದು. ಮೊಂಡು ದನ ಇದ್ದಂಗೆ, ನಿಧಾನಕ್ಕೆ ಪಳಗಿಸ್ಬೇಕು," ಎಂದು ನಗುತ್ತಾರೆ.

ಹಂಪಮ್ಮನ ಊರು ಕಲ್ಯಾಣದುರ್ಗ. ಅಲ್ಲಿ ಗೆಳತಿಯರಾದ ಪೆದ್ದಮ್ಮ, ಹಾಲಮ್ಮನ ಜೊತೆ ಸೇರಿ ಮದುವೆಮನೆಗಳಿಗೆ ಶಾವಿಗೆ ಒತ್ತಿಕೊಡುತ್ತಿದ್ದವರು. ಪ್ಯಾಕೆಟ್ ಶಾವಿಗೆ ಬಂದಮೇಲೆ ಕೇಳುವವರು ಕಡಿಮೆಯಾದರು. ಗಂಡ ತೀರಿಕೊಂಡಾಗ ಹಿಂದೂಪುರದ ಮಗಳ ಮನೆ ಸೇರಿದರು. ಹೋಟೆಲಿಗೆ ಪಾತ್ರೆ ತೊಳೆಯಲು ಬಂದವರನ್ನು ಹಿಟ್ಟಿನ ಕೆಲಸಕ್ಕೆ ಹಚ್ಚಿದವರು ಅಡುಗೆಯ ಉಮಾಶಂಕರ್. ಮೊದಲ ವಾರವೆಲ್ಲ ಎಳೆಗಳು ಬಿಸಿನೀರಿನಲ್ಲಿ ಕರಗಿ ಗಂಜಿಯಾದವು. ಉಮಾಶಂಕರ್ ಬೈಯಲಿಲ್ಲ. ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ತೋರಿಸಿಕೊಟ್ಟರು.

ಕೆಲಸವೇನೋ ಕೈಗೆ ಹತ್ತಿತು. ಅಷ್ಟರಲ್ಲಿ ಅತ್ತ ಕಲ್ಯಾಣದುರ್ಗದಲ್ಲಿ ಮಾತು ಹಬ್ಬಿತ್ತು: ಮಾಂಸದ ಸಾರು ಕುದಿಯೋ ಹೋಟ್ಲಂತೆ, ಲಿಂಗ ಕಟ್ಟಿದ ಹೆಂಗಸು ಅಲ್ಲಿ ದುಡಿಯೋದಾ? ಹಾಲಮ್ಮ ಫೋನ್ ಎತ್ತುವುದನ್ನೇ ಬಿಟ್ಟರು.

"ನಾನು ಮುಟ್ಟೋದು ಹಿಟ್ಟು ಒಂದೇ. ಹೇಳೋಣ ಅಂದ್ರೆ ಅವ್ಳು ಕೇಳಿಸ್ಕಂಡ್ರೆ ತಾನೆ? ತಿಂದ ಅನ್ನ ಮೈಗೆ ಹತ್ತುತಿರ್ಲಿಲ್ಲ," ಎನ್ನುತ್ತಾರೆ ಹಂಪಮ್ಮ.

ಕಳೆದ ತಿಂಗಳು ಪೆದ್ದಮ್ಮನೇ ಹಠ ಹಿಡಿದು ಹಾಲಮ್ಮನನ್ನು ಬಸ್ ಹತ್ತಿಸಿಕೊಂಡು ಬಂದರು. ಅಂದು ಹಂಪಮ್ಮ ಮೊದಲ ಸಲ ಹೋಟೆಲಿನ ಮುಂಬಾಗಿಲಿನಿಂದ ಒಳಹೊಕ್ಕು, ಗಿರಾಕಿಗಳಂತೆ ಮೇಜಿನ ಮುಂದೆ ಕುಳಿತರು. ಉಮಾಶಂಕರ್ ಹೊಸ ಪಾತ್ರೆಯಲ್ಲಿ ಸೋಯಾ, ಶುಂಠಿ, ಎಳ್ಳು ಹಾಕಿ ಸಸ್ಯಾಹಾರದ ಸಾರು ಬೇರೆಯಾಗಿಯೇ ಕಾಯಿಸಿದ್ದರು. ನೇಕಾರರ ಮನೆಯ ಪೆದ್ದಮ್ಮನಿಗೆ ಯಾವ ಮಡಿಯೂ ಇಲ್ಲ; ಕೋಳಿ ಸಾರು, ಮೇಲೊಂದು ಮೊಟ್ಟೆ. ಚಮಚದ ಬದಲು ಕೊಟ್ಟಿದ್ದ ಜೋಡಿ ಕಡ್ಡಿಯಲ್ಲಿ ಎತ್ತಿದ ಎಳೆ ಜಾರಿ ಮಡಿಲಿಗೆ ಬಿದ್ದಾಗ ಕಡ್ಡಿ ಬಿಸಾಕಿ ಕೈ ಹಾಕಿದರು.

"ಬಾಗುಂದೇ ಹಂಪಕ್ಕಾ!" ಚೆನ್ನಾಗಿದೆ ಎಂದು ತೆಲುಗಿನಲ್ಲೇ ಕೂಗಿದರು.

ಹಾಲಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಸಾರು ಬ್ಯಾಡ. ಬರೀ ಶಾವಿಗೆ ಕೊಡು."

ಹಂಪಮ್ಮ ಎದ್ದು ಒಳಗೆ ಹೋಗಿ, ಬೇರೆ ನೀರಿಟ್ಟು ತಾವೇ ಬೇಯಿಸಿ ತಂದರು. ಹಾಲಮ್ಮ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಉದುರಿಸಿ, ಕಲಸಿ, ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಎದುರಿಗೆ ಹಂಪಮ್ಮನ ಬಟ್ಟಲು ಆರಿಹೋಗುತ್ತಿತ್ತು.

"ಇನ್ನೊಸಿ ಹಾಕೆ," ಎಂದರು ಹಾಲಮ್ಮ.

ಪೆದ್ದಮ್ಮ ಗೊಳ್ಳನೆ ನಕ್ಕರು. ಹಂಪಮ್ಮನಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಸಂಜೆ ಬಸ್ಸು ಹೊರಡುವಾಗ ಹಾಲಮ್ಮ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದರಂತೆ: "ಶ್ರಾವಣ್ದಾಗೆ ನಮ್ಮನೇಲಿ ಜಂಗಮ್ರ ಊಟ ಐತೆ. ಪಾಯಸ ನೀನೇ ಬಂದು ಮಾಡ್ಬೇಕು, ಹೇಳಿದೀನಿ."

ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸುತ್ತ ಹಂಪಮ್ಮ ಹೇಳುತ್ತಾರೆ: "ರಜಾ ಕೊಟ್ರೂ ಸರಿ, ಕೊಡದಿದ್ರೂ ಸರಿ. ಆವತ್ತೊಂದಿನ ಹಿಂದೂಪುರ್ದೋರು ರಾಮೆನ್ ಇಲ್ದೆ ಇರ್ಲಿ ಬಿಡಪ್ಪ. ನಾನು ಹೋಯ್ತೀನಿ."